ಊರ ದವಾಖಾನೆ ನಡೆಯಬೇಕಂದ್ರೆ ಯಾರನ್ನು, ಏನು, ಹೇಗೆ ಕೇಳಬೇಕು

"ಡಾಕ್ಟರ್ ಬರಂಗಿಲ್ಲ, ಗುಳಿಗಿ ಇರಂಗಿಲ್ಲ" ಅಂತ ನಮ್ಮ ಕಡೆ ಯಾವ ಊರಿಗೆ ಹೋದರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಯಾವ ದಿನ ಬರಲಿಲ್ಲ, ಯಾವ ಗುಳಿಗೆ ಇರಲಿಲ್ಲ ಅಂತ ಅಧಿಕಾರಿ ತಿರುಗಿ ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ, ಅವರು "ನೋಡೋಣ" ಅನ್ನುತ್ತಾರೆ, ನಾವು ಬಸ್ ಹತ್ತಿ ವಾಪಸ್ ಬರುತ್ತೇವೆ. ಆ ಉತ್ತರವನ್ನು ಮೊದಲೇ ಬರೆದು ಇಟ್ಟುಕೊಂಡು ಹೋಗುವುದು ಹೇಗೆ, ಯಾವ ಮಾತನ್ನು ಯಾರ ಮುಂದೆ ಹೇಳಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗೆ ಇದು ಹೊಂದುತ್ತದೆ.

ಮೊದಲು ನಮಗೆ ಸಿಗಬೇಕಾದ್ದು ಏನು ಅಂತ ತಿಳಿದುಕೊಳ್ಳಿ. 2018ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಶುರು ಮಾಡಿದಾಗ ಅದರಲ್ಲಿ ಎರಡು ಭಾಗ ಇತ್ತು. ಒಂದು 5 ಲಕ್ಷದ ಕಾರ್ಡು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಊರೂರಿನ ಉಪಕೇಂದ್ರ ಮತ್ತು ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಬಲಪಡಿಸುವ ಕೆಲಸ. ಅವಕ್ಕೆ ಮೊದಲು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಅಂತ ಹೆಸರಿಟ್ಟರು, 2023ರ ಕೊನೆಗೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬದಲಾಯಿಸಿದರು. ಬೋರ್ಡ್ ಬದಲಾದಷ್ಟು ಬೇಗ ಒಳಗಿನ ಕಪಾಟು ತುಂಬಲಿಲ್ಲ. ಕಾರ್ಡು ಬೇಕಾಗುವುದು ಲಕ್ವ ಹೊಡೆದ ಮೇಲೆ, ದೊಡ್ಡಾಸ್ಪತ್ರೆಗೆ ಸೇರಿಸುವಾಗ. ಲಕ್ವ ಹೊಡೆಯದ ಹಾಗೆ ದಿನಾ ಒಂದು ಬಿಪಿ ಗುಳಿಗೆ ಕೊಡಬೇಕಾದ್ದು ಊರ ಕೇಂದ್ರ. ನನ್ನ ಪ್ರಕಾರ ನಾವು ಜಾಸ್ತಿ ಜಗಳ ಮಾಡಬೇಕಾದ್ದು ಇದಕ್ಕೆ.

ಲೆಕ್ಕ ಹೀಗಿದೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪಿಎಚ್‌ಸಿ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶವಾದರೆ 3,000 ಮತ್ತು 20,000. ಆರೋಗ್ಯ ಮಂದಿರ ಅಂತ ಬೋರ್ಡ್ ಹಾಕಿದ ಉಪಕೇಂದ್ರದಲ್ಲಿ ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಇರಬೇಕು, 14 ಬಗೆಯ ಪರೀಕ್ಷೆ ಆಗಬೇಕು, 105 ಔಷಧಿ ಇರಬೇಕು. ಪಿಎಚ್‌ಸಿಯಲ್ಲಿ 63 ಪರೀಕ್ಷೆ, 172 ಔಷಧಿ. ಇದು ಯಾರೋ ಮಾಡುವ ಉಪಕಾರ ಅಲ್ಲ, ಸರ್ಕಾರವೇ ಬರೆದುಕೊಂಡ ಮಾನದಂಡ.

ಹಾಗಂತ 105 ಔಷಧಿಯ ಪಟ್ಟಿ ಹಿಡಿದು ಹೋಗಬೇಡಿ, ಯಾರೂ ಓದುವುದಿಲ್ಲ. ನಿಮ್ಮೂರಿಗೆ ದಿನಾ ಬೇಕಾಗುವ ಐದಾರು ಆರಿಸಿಕೊಳ್ಳಿ. ಬಿಪಿಗೆ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಸುರಿಯರಿಗೆ ಕಬ್ಬಿಣಾಂಶದ ಗುಳಿಗೆ, ಮಕ್ಕಳ ಭೇದಿಗೆ ಓಆರ್‌ಎಸ್ ಮತ್ತು ಜಿಂಕ್. ಪಿಎಚ್‌ಸಿಯಾದರೆ ಹಾವು ಕಡಿದಾಗ ಕೊಡುವ ಇಂಜೆಕ್ಷನ್ ಮತ್ತು ನಾಯಿ ಕಡಿತದ ಲಸಿಕೆ ಸೇರಿಸಿ. ತೊಗರಿ ಹೊಲದಲ್ಲಿ ಹಾವು ಕಡಿದರೆ ಚಿಂಚೋಳಿಯ ತಾಂಡಾದಿಂದ ಕಲಬುರಗಿ ಮುಟ್ಟುವುದರೊಳಗೆ ಏನಾಗುತ್ತದೆ ಅಂತ ನಾನು ಬರೆಯಬೇಕಿಲ್ಲ.

ಈಗ ನೋಟ್‌ಬುಕ್. ಇಡೀ ಕೆಲಸದ ಜೀವ ಇದರಲ್ಲಿದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಐದು ಗೆರೆ ಎಳೆಯಿರಿ: ತಾರೀಕು, ಹೋದ ಹೊತ್ತು, ಯಾವುದಕ್ಕೆ ಹೋಗಿದ್ದು, ಏನು ಸಿಕ್ಕಿತು, ಏನು ಹೇಳಿ ಕಳಿಸಿದರು. ಐದನೆಯದೇ ಮುಖ್ಯ. "ಗುಳಿಗಿ ಮುಗದಾವ ಯಕ್ಕಾ, ಹೊರಗ ತಗೋರಿ" ಅಂದಿದ್ದರೆ ಅದನ್ನೇ, ಅವರ ಮಾತಲ್ಲೇ ಬರೆಯಿರಿ. ಹೊರಗೆ ಕೊಂಡಿದ್ದರೆ ಎಷ್ಟು ಕೊಟ್ಟಿರಿ ಅಂತಲೂ ಬರೆದು ಮೆಡಿಕಲ್ ಶಾಪಿನ ಚೀಟಿ ಅಂಟಿಸಿ. ಸಿಕ್ಕಿದ್ದನ್ನೂ ಬರೆಯಬೇಕು. ಬರೀ ಇಲ್ಲ ಇಲ್ಲ ಅಂತ ತುಂಬಿದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ರೋಗಿಯ ಹೆಸರು ಬೇಡ, ನಂಬರ್ ಸಾಕು, ಯಾಕೆಂದರೆ ಈ ಪುಸ್ತಕ ನಾಳೆ ಹತ್ತು ಜನರ ಕೈಗೆ ಹೋಗುತ್ತದೆ, ಒಬ್ಬರ ಕಾಯಿಲೆ ಊರಿಗೆಲ್ಲ ಗೊತ್ತಾಗಬಾರದು. ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವ ಅಕ್ಕ ಇದ್ದರೆ ಅವರ ಹತ್ತಿರ ಕೊಡಿ, ಅವರಿಗೆ ಗೆರೆ ತಪ್ಪದೆ ಬರೆದು ರೂಢಿ ಇರುತ್ತದೆ, ಹೆಂಗಸರು ಅವರ ಮುಂದೆ ಬಾಯಿ ಬಿಟ್ಟು ಹೇಳುತ್ತಾರೆ ಕೂಡ. ಎರಡು ತಿಂಗಳು ಬರೆದರೆ ಸಾಕು, ನಿಮ್ಮೂರ ತೊಂದರೆ ನಿಜವಾಗಿ ಎಲ್ಲಿದೆ ಅಂತ ಪುಟವೇ ತೋರಿಸುತ್ತದೆ. ಎಷ್ಟೋ ಸಲ ಅದು ನಾವು ಅಂದುಕೊಂಡ ಕಡೆ ಇರುವುದೇ ಇಲ್ಲ.

ಇದು ನಾನು ಕಂಡುಹಿಡಿದ ದಾರಿ ಏನಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ, 2007ರಿಂದ ಒಂಬತ್ತು ರಾಜ್ಯಗಳಲ್ಲಿ ಜನರೇ ದವಾಖಾನೆಯ ಮೇಲೆ ನಿಗಾ ಇಡುವ ಪ್ರಯೋಗ ನಡೆಯಿತು. ಕರ್ನಾಟಕವೂ ಅದರಲ್ಲಿತ್ತು. ಊರಿನ ಜನ ಕೂತು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತಮ್ಮ ಕೇಂದ್ರಕ್ಕೆ ಮಾರ್ಕ್ಸ್ ಹಾಕುತ್ತಿದ್ದರು. ಓದು ಬರಹ ಬಾರದವರಿಗೂ ಬಣ್ಣ ಗೊತ್ತಾಗುತ್ತದೆ ಅಲ್ವಾ, ನೀವೂ ನೋಟ್‌ಬುಕ್ಕಿನ ಸಾರವನ್ನು ಒಂದು ಚಾರ್ಟಿನ ಮೇಲೆ ಹಾಗೇ ಮಾಡಿ ಗ್ರಾಮಸಭೆಗೆ ಒಯ್ಯಿರಿ.

ಅರ್ಜಿ ಬರೆಯುವ ಮೊದಲು ಸಿಎಚ್‌ಒ ಮತ್ತು ಸಿಸ್ಟರ್ ಜೊತೆ ಕೂತು ಮಾತಾಡಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಮ್ಮ ಸಿಟ್ಟೆಲ್ಲ ಮೊದಲು ಬೀಳುವುದು ಎದುರಿಗಿರುವ ಅವರ ಮೇಲೆ, ಆದರೆ ಗುಳಿಗೆ ತರಿಸುವುದು ಅವರ ಕೈಯಲ್ಲಿಲ್ಲ. ಉಪಕೇಂದ್ರಕ್ಕೆ ಔಷಧಿ ಪಿಎಚ್‌ಸಿಯಿಂದ ಬರುತ್ತದೆ, ಪಿಎಚ್‌ಸಿ ಜಿಲ್ಲಾ ಉಗ್ರಾಣಕ್ಕೆ ಇಂಡೆಂಟ್, ಅಂದರೆ ಬೇಕಾದ ಔಷಧಿಯ ಬೇಡಿಕೆ ಪಟ್ಟಿ, ಹಾಕುತ್ತದೆ, ಉಗ್ರಾಣಕ್ಕೆ ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಕಳಿಸುತ್ತದೆ. ಇದರಲ್ಲಿ ಎಲ್ಲಿ ತಡೆದಿದೆ ಅಂತ ಸಿಸ್ಟರ್‌ಗೆ ಗೊತ್ತಿರುತ್ತದೆ. "ನಿಮ್ಮ ಮೇಲಲ್ರಿ ನಮ್ಮ ಅರ್ಜಿ, ನಿಮಗೂ ಗುಳಿಗಿ ಬರಲಿ ಅಂತ" ಅಂದು ನೋಡಿ. ಇಂಡೆಂಟ್ ಯಾವ ತಾರೀಕಿಗೆ ಹೋಗಿದೆ ಅಂತ ಅವರೇ ಹೇಳುತ್ತಾರೆ. ಕ್ವಾರ್ಟರ್ಸ್‌ನಲ್ಲಿ ನೀರಿಲ್ಲ, ರಾತ್ರಿ ಹೆರಿಗೆಗೆ ಕರೆಂಟ್ ಇಲ್ಲ ಅನ್ನುವ ಅವರ ತೊಂದರೆಯನ್ನೂ ನಿಮ್ಮ ಬೇಡಿಕೆಯಲ್ಲಿ ಸೇರಿಸಿ. ಕೇಂದ್ರದಲ್ಲಿ ಉಳಿಯುವ ಸಿಬ್ಬಂದಿ ಊರಿಗೆ ಆಸ್ತಿ. ಆಶಾ ಅಕ್ಕನನ್ನು ಮಾತ್ರ ಅರ್ಜಿಯ ಮುಂದಾಳು ಮಾಡಬೇಡಿ. ಪ್ರೋತ್ಸಾಹಧನದ ಮೇಲೆ ದುಡಿಯುವ ಹೆಣ್ಣುಮಗಳು, ಮೇಲಿನವರ ಸಿಟ್ಟು ಮೊದಲು ತಟ್ಟುವುದು ಅವರಿಗೆ.

ಆಮೇಲೆ, ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ. ಹತ್ತು ಬೇಡಿಕೆ ಬರೆದರೆ ಸುಲಭದ ಒಂದಕ್ಕೆ ಉತ್ತರ ಕೊಟ್ಟು ಕಡತ ಮುಚ್ಚುತ್ತಾರೆ. ಯಾವುದು ಯಾರ ಕೈಯಲ್ಲಿದೆ ಅಂತ ನೋಡಿ ಕಳಿಸಿ. ಕೇಂದ್ರದ ನೀರು, ದಾರಿ, ಬೀದಿದೀಪ ಗ್ರಾಮ ಪಂಚಾಯಿತಿಯದು, ಪಿಡಿಒಗೆ ಕೊಡಿ. ಔಷಧಿ ಮತ್ತು ಸಿಬ್ಬಂದಿಯ ಹಾಜರಿ ಪಿಎಚ್‌ಸಿ ವೈದ್ಯಾಧಿಕಾರಿಗೆ, ಅಲ್ಲಿ ಆಗದಿದ್ದರೆ ತಾಲೂಕು ಆರೋಗ್ಯಾಧಿಕಾರಿಗೆ. ಖಾಲಿ ಹುದ್ದೆಯಾದರೆ ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ಜಿಲ್ಲಾ ಪಂಚಾಯಿತಿ ಸಿಇಒ ಇಬ್ಬರಿಗೂ. ಅರ್ಜಿ ಇಷ್ಟಿದ್ದರೆ ಸಾಕು:

"ಗೆ, ತಾಲೂಕು ಆರೋಗ್ಯಾಧಿಕಾರಿಗಳು. ವಿಷಯ: ನಮ್ಮ ಉಪಕೇಂದ್ರದಲ್ಲಿ ಬಿಪಿ ಗುಳಿಗೆ ಇಲ್ಲದಿರುವ ಬಗ್ಗೆ. ಮಾನ್ಯರೇ, ಈ ಕೆಳಗಿನ ತಾರೀಕುಗಳಂದು ನಮ್ಮ ಕೇಂದ್ರದಲ್ಲಿ ಆಮ್ಲೋಡಿಪಿನ್ ಗುಳಿಗೆ ಸಿಕ್ಕಿಲ್ಲ. ನಾವು ಬರೆದಿಟ್ಟ ಪುಟಗಳ ಜೆರಾಕ್ಸ್ ಲಗತ್ತಿಸಿದ್ದೇವೆ. ಇಂಡೆಂಟ್ ಯಾವಾಗ ಹೋಗಿದೆ, ಸ್ಟಾಕ್ ಯಾವಾಗ ಬರುತ್ತದೆ ಎಂದು ಬರಹದಲ್ಲಿ ತಿಳಿಸಿ. ಅಲ್ಲಿಯ ತನಕ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಕೊಂಡು ಕೊಡಬೇಕೆಂದು ಕೋರುತ್ತೇವೆ."

ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಹೊರಗೆ ಬನ್ನಿ. "ಸಾಹೇಬ್ರು ಬಂದ ಮ್ಯಾಲ ಹೇಳ್ತೀನಿ, ಇಟ್ಟು ಹೋಗ್ರಿ" ಅಂದರೆ "ಸೀಲ್ ಹಾಕಿ ಕೊಡ್ರಿ ಅಣ್ಣಾ, ಹೋಗ್ತೀವಿ" ಅಂತ ಸಮಾಧಾನದಿಂದ ಅಲ್ಲೇ ನಿಲ್ಲಿ. ಸೀಲ್ ಇಲ್ಲದ ಅರ್ಜಿ ಕೊಡದಿದ್ದ ಹಾಗೆ. ಕೊಡುವುದಕ್ಕೆ ನಾಲ್ಕೈದು ಜನ ಹೋಗಿ, ಅದರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಟ್ರ್ಯಾಕ್ಟರ್ ತುಂಬ ಜನ ಹೋದರೆ ಮಾತಿಗಿಂತ ಗದ್ದಲ ಆಗುತ್ತದೆ.

ಊರೊಳಗೂ ಎರಡು ಸಮಿತಿ ಇವೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಒಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ, ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಹಣ ಬರುತ್ತದೆ. ಇನ್ನೊಂದು ಆರೋಗ್ಯ ಮಂದಿರದ ಜನ ಆರೋಗ್ಯ ಸಮಿತಿ, ಉಪಕೇಂದ್ರದ ಮಟ್ಟದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅದರ ಅಧ್ಯಕ್ಷರು, ಸಿಎಚ್‌ಒ ಸದಸ್ಯ ಕಾರ್ಯದರ್ಶಿ. ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ಆಯಿತು, ಹಣ ಯಾವುದಕ್ಕೆ ಹೋಯಿತು, ಈ ಮೂರನ್ನು ಗ್ರಾಮಸಭೆಯಲ್ಲಿ ಕೇಳಿ. ದನಿ ಏರಿಸುವುದು ಬೇಡ, ಉತ್ತರ ನಡಾವಳಿಯಲ್ಲಿ ಬರೆಸಿ. ಬೇಡಿಕೆಗೆ ಠರಾವು ಮಾಡಿಸಿ ಅದರ ನಕಲು ತಗೊಳ್ಳಿ. ಮುಂದೆ ಶಾಸಕರ ಹತ್ತಿರ ಹೋದಾಗ ಹತ್ತು ಜನರ ಸಹಿಗಿಂತ ಪಂಚಾಯಿತಿಯ ಠರಾವಿಗೆ ತೂಕ ಜಾಸ್ತಿ.

ಸಭೆ ಕರೆಯುವಾಗ ಹೊಲದ ಕೆಲಸ ನೋಡಿಕೊಳ್ಳಿ. ತೊಗರಿ ರಾಶಿಯ ಹೊತ್ತಲ್ಲಿ ಯಾರೂ ಬರುವುದಿಲ್ಲ, ಅದಾದ ಮೇಲೆ ತಾಂಡಾದ ಅರ್ಧ ಜನ ಗುಳೆ ಹೋಗಿರುತ್ತಾರೆ. ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ, ಅವತ್ತು ಸಂಜೆ ಜನ ಸಿಗುತ್ತಾರೆ. ಎಳ್ಳ ಅಮಾವಾಸ್ಯೆ ಮಾತ್ರ ಬಿಡಿ, ಅವತ್ತು ಊರಿಗೆ ಊರೇ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲದಲ್ಲಿರುತ್ತದೆ.

ಅರ್ಜಿಗೆ ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆ, ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು ಅನ್ನುವ ನಿಯಮ ಇದೆ, ಅದನ್ನು ಮೀರಿದರೆ ತಿರಸ್ಕರಿಸಲು ಅವರಿಗೆ ನೆಪ ಸಿಗುತ್ತದೆ. "ಯಾಕೆ ಡಾಕ್ಟರ್ ಇಲ್ಲ" ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ದಾಖಲೆ ಇರುವುದಿಲ್ಲ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ನಿಯೋಜನೆ ಮೇಲೆ ಬೇರೆ ಕಡೆ ಹೋದವರು ಎಷ್ಟು, ಆದೇಶದ ನಕಲು ಕೊಡಿ ಅಂತ ಕೇಳಿ. ನಿಯೋಜನೆ ಅನ್ನುವುದನ್ನು ಮರೆಯಬೇಡಿ. ಕಾಗದದಲ್ಲಿ ಹುದ್ದೆ ತುಂಬಿದೆ ಅಂತಲೇ ಇರುತ್ತದೆ, ಸಂಬಳವೂ ನಮ್ಮ ಪಿಎಚ್‌ಸಿ ಹೆಸರಲ್ಲೇ ಆಗುತ್ತಿರುತ್ತದೆ, ಕೆಲಸ ಮಾತ್ರ ಪಟ್ಟಣದಲ್ಲಿ. ಹೊಸ ಹುದ್ದೆ ಕೇಳುವುದಕ್ಕಿಂತ ನಿಯೋಜನೆ ರದ್ದು ಮಾಡಿ ಅಂತ ಕೇಳುವುದು ಸುಲಭ.

ಇನ್ನು ಮೇಲಿನ ಮಟ್ಟ. ಕೆಡಿಪಿ ಅಂದರೆ ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆ; ತಾಲೂಕು ಕೆಡಿಪಿ ಸಭೆ ಶಾಸಕರದು, ಜಿಲ್ಲಾ ಕೆಡಿಪಿ ಉಸ್ತುವಾರಿ ಸಚಿವರದು. ಸಭೆಗೆ ಒಂದು ವಾರ ಮೊದಲು ಠರಾವಿನ ನಕಲನ್ನು ಶಾಸಕರ ಕಚೇರಿಗೆ ಮುಟ್ಟಿಸಿ, "ಇದನ್ನ ಕೆಡಿಪಿಯಲ್ಲಿ ಎತ್ರಿ" ಅಂತ ಬಾಯಲ್ಲೂ ಹೇಳಿ. ಕಟ್ಟಡ, ಕ್ವಾರ್ಟರ್ಸ್, ಆಂಬುಲೆನ್ಸ್ ಥರದ ದೊಡ್ಡ ಖರ್ಚಿಗೆ ಕಲಬುರಗಿಯಲ್ಲಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ತಿದ್ದುಪಡಿ ಬಂದಿದ್ದರಿಂದಲೇ ಆ ಮಂಡಳಿ ಇದೆ, 2024-25ರ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗಿತ್ತು. ಶಾಸಕರ ಕ್ರಿಯಾ ಯೋಜನೆಯಲ್ಲಿ ನಿಮ್ಮ ಪಿಎಚ್‌ಸಿ ಹೆಸರು ಸೇರಿದೆಯೋ ಇಲ್ಲವೋ ಅಂತ ವರ್ಷದ ಆರಂಭದಲ್ಲೇ ವಿಚಾರಿಸಿ.

ಸಂಸದರನ್ನು ಬಿಡಬೇಡಿ. ಆರೋಗ್ಯ ರಾಜ್ಯದ ವಿಷಯ ಅಂತ ಅವರ ಕಡೆಯವರು ಹೇಳಬಹುದು. ಆದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ 100 ರೂಪಾಯಿಗೆ 60 ಕೇಂದ್ರದ್ದು, 40 ರಾಜ್ಯದ್ದು. ಆ ಹಣದ ಕೆಲಸ ಪರಿಶೀಲಿಸಲು ಪ್ರತಿ ಜಿಲ್ಲೆಯಲ್ಲೂ ದಿಶಾ ಸಮಿತಿ ಇದೆ, ಮೂರು ತಿಂಗಳಿಗೊಮ್ಮೆ ಕೂಡಬೇಕು, ಅಧ್ಯಕ್ಷತೆ ಸಂಸದರದು. ನಿಮ್ಮ ಸಂಸದರು ಯಾರು ಅನ್ನುವುದರಲ್ಲೇ ಗೊಂದಲ ಆಗುತ್ತದೆ, ಜಿಲ್ಲೆ ಬೇರೆ, ಲೋಕಸಭಾ ಕ್ಷೇತ್ರ ಬೇರೆ. ಆಳಂದ, ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲಿದ್ದರೂ ಬೀದರ್ ಕ್ಷೇತ್ರಕ್ಕೆ ಸೇರುತ್ತವೆ. ಯಾದಗಿರಿ, ಶಹಾಪುರ, ಸುರಪುರ ರಾಯಚೂರು ಕ್ಷೇತ್ರಕ್ಕೆ, ಗುರುಮಠಕಲ್ ಮಾತ್ರ ಕಲಬುರಗಿಗೆ. ತಪ್ಪು ಕಚೇರಿಗೆ ಅರ್ಜಿ ಹೋಗಿ ಅಲ್ಲೇ ಕೊಳೆಯುವುದು ಬೇಡ.

ಅವರಿಗೆ ಎರಡು ಕೇಳಿ. ದಿಶಾ ಸಭೆಯಲ್ಲಿ ನಮ್ಮ ತಾಲೂಕಿನ ಆರೋಗ್ಯ ಮಂದಿರಗಳಲ್ಲಿ ಸಿಎಚ್‌ಒ ಎಷ್ಟು ಕಡೆ ಇಲ್ಲ ಅಂತ ಲೆಕ್ಕ ತರಿಸಬೇಕು. ಸಂಸತ್ತಿನಲ್ಲಿ ನಮ್ಮ ಜಿಲ್ಲೆಗೆ ಬಂದ ಹಣ ಎಷ್ಟು, ಖರ್ಚಾದದ್ದು ಎಷ್ಟು ಅಂತ ಪ್ರಶ್ನೆ ಹಾಕಬೇಕು. ಪ್ರಶ್ನೆ ಸ್ವೀಕಾರವಾದರೆ ಸಚಿವರ ಉತ್ತರ ಲೋಕಸಭೆಯ ವೆಬ್‌ಸೈಟಿನಲ್ಲಿ ಉಳಿಯುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರದ ಆರೋಗ್ಯ ಖರ್ಚನ್ನು ಜಿಡಿಪಿಯ ಶೇ 2.5ಕ್ಕೆ ಒಯ್ಯುತ್ತೇವೆ, ಅದರಲ್ಲಿ ಮೂರನೇ ಎರಡು ಪಾಲು ಇಂಥ ಊರ ಕೇಂದ್ರಗಳ ಮಟ್ಟಕ್ಕೆ ಅಂತ ಹೇಳಿತ್ತು. ಆ ಗುರಿ ಮುಟ್ಟಲಿಲ್ಲ. ಪತ್ರದಲ್ಲಿ ಈ ಮಾತು ಒಂದು ಸಾಲು ಬರಲಿ, ಅದರ ಕೆಳಗೆ ನಿಮ್ಮ ನೋಟ್‌ಬುಕ್ಕಿನ ತಾರೀಕುಗಳು ಬರಲಿ. ದೆಹಲಿಯ ಲೆಕ್ಕ ಅವರಿಗೆ ಮೊದಲೇ ಗೊತ್ತಿರುತ್ತದೆ, ಸುಮ್ನೆ ಉದ್ದ ಬರೆಯಬೇಡಿ. ನಿಮ್ಮೂರಲ್ಲಿ ಯಾವ ವಾರ ಗುಳಿಗೆ ಇರಲಿಲ್ಲ ಅನ್ನುವುದು ನಿಮ್ಮ ಹತ್ತಿರ ಮಾತ್ರ ಇದೆ.

ನಡುವೆ ಸಣ್ಣ ತೊಂದರೆಗೆ 104 ಆರೋಗ್ಯ ಸಹಾಯವಾಣಿ, ದೂರು ದಾಖಲಿಸಲು ಸರ್ಕಾರದ 1902 ಇವೆ. ಕರೆ ಮಾಡಿದರೆ ದೂರಿನ ನಂಬರ್ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಬೇಡಿಕೆ ಈಡೇರಿದರೆ ಅದಕ್ಕೂ ಒಂದು ಪತ್ರ ಬರೆಯಿರಿ: ಇಂಥ ತಾರೀಕಿಗೆ ಗುಳಿಗೆ ಬಂತು, ಸಿಸ್ಟರ್ ಮನೆ ಮನೆಗೆ ತಿಳಿಸಿದರು ಅಂತ. ಅದರ ಪ್ರತಿ ಆರೋಗ್ಯಾಧಿಕಾರಿಗೂ ಹೋಗಲಿ, ಕೆಲಸ ಮಾಡಿದವರ ಹೆಸರು ಒಳ್ಳೆಯದಕ್ಕೂ ಮೇಲೆ ಹೋಗಬೇಕು. ನೋಟ್‌ಬುಕ್ ಮಾತ್ರ ನಿಲ್ಲಿಸಬೇಡಿ, ಮೂರು ತಿಂಗಳ ಮೇಲೆ ಸ್ಟಾಕ್ ಮತ್ತೆ ಮುಗಿಯುವ ಹೊತ್ತಿಗೆ ಅದು ಬೇಕಾಗುತ್ತದೆ.