ವೈನ್ ಬಿಸಿ ಮಾಡಿ, ಕುದಿಸಬೇಡಿ

ಮಸಾಲೆ ಹಾಕಿ ಬಿಸಿಬಿಸಿಯಾಗಿ ಕುಡಿಯುವ ವೈನನ್ನು ಚಹಾದ ಹಾಗೆ ಕೊತಕೊತ ಕುದಿಸುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕಳೆದ ಕ್ರಿಸ್‌ಮಸ್‌ಗೆ ತಂಗಿಯ ಸೊಸೆ ಅದನ್ನೇ ಮಾಡಿದಳು. ಇಡೀ ಬಾಟಲಿ ಪಾತ್ರೆಗೆ ಸುರಿದು, ಮೇಲಿಂದ ಗರಂ ಮಸಾಲೆ ಪುಡಿ ಉದುರಿಸಿ, ಗ್ಯಾಸ್ ಜೋರು ಮಾಡಿ ಮೊಬೈಲ್ ಹಿಡಿದು ಕೂತಳು. ಮನೆ ತುಂಬ ಪರಿಮಳ ಬಂತೆಂದು ಅವಳಿಗೆ ಖುಷಿ. ಬಾರದೆ ಇರುತ್ತದಾ? ಗ್ಲಾಸಿನಲ್ಲಿ ಇರಬೇಕಾದದ್ದೆಲ್ಲ ಹಬೆಯಾಗಿ ಹೋಗಿತ್ತು. ನೀರು ಕುದಿಯಲು 100 ಡಿಗ್ರಿ ಬೇಕು, ಆಲ್ಕೋಹಾಲ್‌ಗೆ 78 ಸಾಕು. ಕುಡಿದವರಿಗೆ ಸಿಕ್ಕಿದ್ದು ಬರೀ ಹುಳಿ, ಗಂಟಲಿಗೆ ಪುಡಿ.

ಮಂಗಳೂರಿನಲ್ಲಿ ಚಳಿ ಎಲ್ಲಿದೆ ಅಂತ ಕೇಳಬೇಡಿ. ನಡುರಾತ್ರಿಯ ಪೂಜೆ ಮುಗಿಸಿ ಇಗರ್ಜಿಯಿಂದ ಮನೆಗೆ ಬರುವಾಗ ಗಾಳಿ ತಣ್ಣಗಿರುತ್ತದೆ. ಜುಲೈಯ ಮಳೆಯಲ್ಲಂತೂ ಕೇಳುವುದೇ ಬೇಡ. ಜರ್ಮನಿಯಲ್ಲಿ ನರ್ಸ್ ಆಗಿದ್ದ ನನ್ನ ಚಿಕ್ಕಮ್ಮ ರಜೆಗೆ ಬಂದಾಗ ಕಲಿಸಿಕೊಟ್ಟದ್ದು ಇದು. ಅಲ್ಲಿ ಕ್ರಿಸ್‌ಮಸ್ ಸಂತೆಯಲ್ಲಿ ಗ್ಲೂವೈನ್ ಅಂತ ಮಗ್ಗಿನಲ್ಲಿ ಕೊಡುತ್ತಾರೆ. ನಮ್ಮಲ್ಲಿ ಕುಸ್ವಾರದ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆಯ ಜೊತೆ ಪುಟ್ಟ ಗ್ಲಾಸಿನಲ್ಲಿ ಕೊಟ್ಟರೆ ಸಾಕು.

ದುಬಾರಿ ವೈನ್ ಬೇಡ. ಸಾಧಾರಣ ಕೆಂಪು ವೈನ್ ನಡೆಯುತ್ತದೆ. ಭರಣಿಯಲ್ಲಿ ಮನೆಯಲ್ಲೇ ಹಾಕಿದ ದ್ರಾಕ್ಷಿ ವೈನ್ ಆದರೆ ಮೊದಲು ರುಚಿ ನೋಡಿ, ಅದು ಸಿಹಿಯೇ ಇರುತ್ತದೆ, ಸಕ್ಕರೆ ಕಡಿಮೆ ಮಾಡಿ. ಪಾತ್ರೆ ಸ್ಟೀಲ್‌ನದ್ದೇ ಆಗಬೇಕು. ಅಲ್ಯೂಮಿನಿಯಂಗೆ ಹುಳಿ ಆಗುವುದಿಲ್ಲ, ರುಚಿ ಕೆಡುತ್ತದೆ.

ಈಗ ಮುಖ್ಯ ಮಾತು, ಪಾಕ. ಚಕ್ಕೆ ಲವಂಗ ರಸ ಬಿಡಬೇಕಾದರೆ ಚೆನ್ನಾಗಿ ಕುದಿಯಬೇಕು. ವೈನ್‌ಗೆ ಕುದಿ ಆಗುವುದಿಲ್ಲ. ಹಾಗಾಗಿ ಸ್ವಲ್ಪವೇ ವೈನ್‌ನಲ್ಲಿ ಮಸಾಲೆಯ ಸಕ್ಕರೆ ಪಾಕ ಮೊದಲು ಮಾಡಿಕೊಂಡು, ಉಳಿದ ವೈನನ್ನು ಆಮೇಲೆ ಬರೀ ಬಿಸಿ ಮಾಡಬೇಕು. ಕೊಡಗಿನ ಕಿತ್ತಳೆ ಸಿಕ್ಕಿದರೆ ಅದನ್ನೇ ತನ್ನಿ. ಸಿಪ್ಪೆ ಸುಲಿದು, ಒಳಗಿನ ಬಿಳಿಯನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಿರಿ. ಬೆಳಕಿಗೆ ಹಿಡಿದರೆ ಸಿಪ್ಪೆಯ ಚುಕ್ಕೆಗಳು ಕಾಣಬೇಕು, ಅಷ್ಟು ತೆಳು. ಆ ಬಿಳಿಯೇ ಕಹಿ. ಆಮೇಲೆ ಸಿಪ್ಪೆಗೆ ಸೂಜಿಯಿಂದ ತೂತು ಮಾಡಿ ಲವಂಗ ಚುಚ್ಚಿ. ತೂತು ಮಾಡದೆ ಒತ್ತಿದರೆ ಲವಂಗದ ತಲೆ ಮುರಿಯುತ್ತದೆ. ಹೀಗೆ ಚುಚ್ಚಿದರೆ ತೆಗೆಯುವಾಗ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಒಂದು ಬಾಟಲಿಗೆ ಐದಾರು ಸಾಕು, ಜಾಸ್ತಿ ಆದರೆ ನಾಲಿಗೆ ಜೋಮು ಹಿಡಿಯುತ್ತದೆ.

ಪಾತ್ರೆಗೆ ಸಕ್ಕರೆ, ಅದು ನೆನೆಯುವಷ್ಟೇ ವೈನ್, ಈ ಸಿಪ್ಪೆ, ಬೆರಳುದ್ದದ ಚಕ್ಕೆ ಎರಡು ತುಂಡು, ಒಂದು ಚಕ್ರಮೊಗ್ಗು, ಜಜ್ಜಿದ ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿಡಿ. ಪುಡಿ ಯಾವುದೂ ಬೇಡ. ಮೊದಲು ಪುಟ್ಟ ಗುಳ್ಳೆಗಳು ಚುರುಚುರು ಏಳುತ್ತವೆ. ಸ್ವಲ್ಪ ಹೊತ್ತಿಗೆ ಗುಳ್ಳೆ ದೊಡ್ಡದಾಗಿ ನಿಧಾನವಾಗುತ್ತದೆ. ಚಮಚದಿಂದ ಒಂದು ಹನಿ ತೆಗೆದು ಆರಿಸಿ ಬೆರಳ ನಡುವೆ ಒತ್ತಿ ನೋಡಿ, ಅಂಟು ಬಂದರೆ ಆಯಿತು. ಎಳೆ ಬರುವವರೆಗೆ ಕಾಯಬೇಡಿ. ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಿ, ಪಾತ್ರೆ ಕೈಯಲ್ಲಿ ಹಿಡಿಯುವಷ್ಟು ಆರಲಿ. ಈ ಮುಚ್ಚಿಟ್ಟ ಹೊತ್ತಿನಲ್ಲೇ ಘಮವೆಲ್ಲ ಪಾಕಕ್ಕೆ ಇಳಿಯುವುದು. ಅವಸರ ಮಾಡಿ ತೆರೆದು ಮೂಸಬೇಡಿ.

ನೆಂಟರು ಬಾಗಿಲಿಗೆ ಬಂದ ಮೇಲೆ ಉಳಿದ ವೈನ್ ಸುರಿದು ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಹಬೆ ಎದ್ದು, ಪಾತ್ರೆಯ ಅಂಚಿನಲ್ಲಿ ಗುಳ್ಳೆ ಕಾಣುವ ಮೊದಲೇ ಇಳಿಸಿ. ಪಾತ್ರೆ ಬಿಟ್ಟು ಆಚೆ ಹೋಗಬೇಡಿ.

ಸೋಸಲು ತೆಳು ಮಲ್ ಬಟ್ಟೆ ಒಳ್ಳೆಯದು. ಆ ಬಟ್ಟೆಯನ್ನು ಸೋಪಿನ ಪುಡಿ ಹಾಕಿ ಮೆಷಿನ್‌ಗೆ ತುರುಕುವವರಿದ್ದಾರೆ! ಆಮೇಲೆ ಮೊಸರು ಕಟ್ಟಿದರೂ ಸೋಪಿನ ವಾಸನೆ. ಬರೀ ನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಿ, ಅಷ್ಟೇ.

ಮಕ್ಕಳಿಗೆ, ಗಾಡಿ ಓಡಿಸುವವರಿಗೆ ಇದನ್ನು ಕೊಡಬೇಡಿ. ಬಿಸಿ ಮಾಡಿದ ಮಾತ್ರಕ್ಕೆ ಅಮಲು ಹೋಗುವುದಿಲ್ಲ. ಅವರಿಗಾಗಿ ಅದೇ ಮಸಾಲೆಯ ಪಾಕವನ್ನು ವೈನ್ ಬದಲು ನೀರು ಹಾಕಿ ಬೇರೆ ಪಾತ್ರೆಯಲ್ಲಿ ಮಾಡಿ, ಬಿಸಿ ಪುನರ್ಪುಳಿ (ಕೋಕಂ) ರಸಕ್ಕೆ ಬೆರೆಸಿ. ಬಣ್ಣ ನೋಡಿದರೆ ವ್ಯತ್ಯಾಸ ಗೊತ್ತಾಗದು, ಹಾಗಾಗಿ ಗ್ಲಾಸ್ ಬೇರೆಯೇ ಇಡಿ.

ಉಳಿದರೆ ಸಿಪ್ಪೆ, ಚಕ್ಕೆ ಎಲ್ಲ ತೆಗೆದು ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಅದರಲ್ಲೇ ಬಿಟ್ಟರೆ ಬೆಳಗ್ಗೆ ಕಷಾಯ ಆಗಿರುತ್ತದೆ. ಮತ್ತೆ ಮತ್ತೆ ಬಿಸಿ ಮಾಡುವ ಬದಲು ಕೇಕಿಗೆ ನೆನೆಹಾಕುವ ಒಣದ್ರಾಕ್ಷಿಗೆ ಸುರಿದುಬಿಡಿ.