ಉಪ್ಪು ಹಾಕುವ ಮೊದಲು

ನಮ್ಮ ಮನೆಯಲ್ಲಿ ಐದು ಜನ. ಮಾವನಿಗೆ ಬಿಪಿ, ಜೊತೆಗೆ ಕಿಡ್ನಿ ತೊಂದರೆ. ಅತ್ತೆಗೆ ಸಕ್ಕರೆ ಕಾಯಿಲೆ. ಮಗಳಿಗೆ ಏಳು ವರ್ಷವಿದ್ದಾಗ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಅವಳಿಗೆ ಆಗುವುದಿಲ್ಲ, ಮುಂದೆಯೂ ಆಗುವುದಿಲ್ಲ. ನನಗೂ ನನ್ನ ಗಂಡನಿಗೂ ಯಾವ ಪಥ್ಯವೂ ಇಲ್ಲ.

ಮೊದಲ ಕೆಲವು ತಿಂಗಳು ನಾನು ದಿನಾ ನಾಲ್ಕು ಥರ ಅಡುಗೆ ಮಾಡಿದೆ. ಒಲೆ ಆರುತ್ತಲೇ ಇರಲಿಲ್ಲ. ಒಂದು ರಾತ್ರಿ ಮಾವ ತಟ್ಟೆ ಮುಂದೆ ಕೂತು, "ನನ್ನಿಂದ ನಿನಗೆ ಎಷ್ಟು ಕೆಲಸ ಅಲ್ವಾ ಅಮ್ಮಾ? ನಾಳೆಯಿಂದ ಸುಮ್ನೆ ಒಂದಿಷ್ಟು ಗಂಜಿ ಕೊಟ್ಟುಬಿಡು" ಎಂದರು. ಕೆಲಸ ಜಾಸ್ತಿ ಆಗಿದ್ದು ನನಗೆ ಅಷ್ಟು ನೋವು ಕೊಟ್ಟಿರಲಿಲ್ಲ. ಆ ಮಾತು ಕೊಟ್ಟಿತು.

ಮರುದಿನ ಒಂದು ಹಾಳೆಯಲ್ಲಿ ಯಾರಿಗೆ ಏನು ಆಗದು ಎಂದು ಬರೆದುಕೊಂಡೆ. ಬರೆದ ಮೇಲೆ ಕಂಡಿದ್ದು ಇಷ್ಟು: ಎಲ್ಲ ಪಥ್ಯವೂ ಒಂದೇ ಜಾತಿಯದಲ್ಲ. ಮಾವನದು, ಅತ್ತೆಯದು ಅಳತೆಯ ಪಥ್ಯ. ಇಷ್ಟು ತಿನ್ನಬಹುದು, ಅದಕ್ಕಿಂತ ಜಾಸ್ತಿ ಬೇಡ. ಮಗಳದು ಸೋಕಲೇಬಾರದ ಪಥ್ಯ. ಅಳತೆಯ ಪಥ್ಯವನ್ನು ಬಡಿಸುವಾಗ ನಿಭಾಯಿಸಬಹುದು. ಸೋಕಬಾರದ ಪಥ್ಯಕ್ಕೆ ಅಡುಗೆಮನೆಯೇ ಬದಲಾಗಬೇಕು.

ಇದನ್ನು ನಾನು ಕಲಿತಿದ್ದು ಒಂದು ತಪ್ಪಿನಿಂದ. ಗೋಧಿ ನೂಡಲ್ಸ್ ಸೋಸಿದ್ದ ಜಾಲರಿಯನ್ನು ತೊಳೆದು, ಅದರಲ್ಲೇ ಮಗಳ ಅಕ್ಕಿ ನೂಡಲ್ಸ್ ಸೋಸಿದ್ದೆ. ಕಣ್ಣಿಗೆ ಸ್ವಚ್ಛವಾಗಿಯೇ ಇತ್ತು. ಆ ಸಣ್ಣ ತೂತುಗಳಲ್ಲಿ ಹಿಟ್ಟು ಉಳಿಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ರಾತ್ರಿಯಿಡೀ ಮಗು ಹೊಟ್ಟೆ ಹಿಡಿದುಕೊಂಡು ಅತ್ತಳು. ಆಮೇಲೆ ಜಾಲರಿ, ಮರದ ಮಣೆ, ಮರದ ಸೌಟು, ಟೋಸ್ಟರ್ ಎಲ್ಲ ಅವಳಿಗೆ ಬೇರೆ ತಂದೆ. ಅವಳ ಡಬ್ಬಿಗಳು ಮೇಲಿನ ಗೂಡಿನಲ್ಲಿ, ನನ್ನ ಗಂಡನ ಬ್ರೆಡ್ ಕೆಳಗಿನ ಗೂಡಿನಲ್ಲಿ. ಪುಡಿ ಉದುರಿದರೂ ಅವಳ ಡಬ್ಬಿ ಮೇಲೆ ಬೀಳುವುದಿಲ್ಲ. ಎಲ್ಲರೂ ತಿನ್ನುವ ಅಡುಗೆಗೆ ಗೋಧಿ ಹಾಕುವುದನ್ನೇ ಬಿಟ್ಟೆವು. ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದುವುದು ಅಭ್ಯಾಸವಾಯಿತು. ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಮಾಲ್ಟ್ ಅಂದರೆ ಹೆಚ್ಚಾಗಿ ಬಾರ್ಲಿ. ಓಟ್ಸ್ ಕೂಡ ಗಿರಣಿಯಲ್ಲಿ ಗೋಧಿ ಜೊತೆ ಬೆರೆತಿರಬಹುದು, ಹಾಗಾಗಿ ಗ್ಲುಟನ್ ಇಲ್ಲ ಎಂದು ಬರೆದಿದ್ದನ್ನೇ ತರುತ್ತೇನೆ.

ಇಷ್ಟಾದ ಮೇಲೆ ಉಳಿದಿದ್ದು ಒಂದೇ ಪಾತ್ರೆಯಿಂದ ಎಲ್ಲರಿಗೂ ಬಡಿಸುವುದು ಹೇಗೆ ಎಂಬುದು. ನಾನು ಈಗ ಅಡುಗೆಯನ್ನು ಎಲ್ಲರಿಗೂ ಆಗುವ ಹಂತದವರೆಗೆ ಒಟ್ಟಿಗೆ ಮಾಡುತ್ತೇನೆ. ಉಪ್ಪು ಹಾಕುವ ಮೊದಲು ಮಾವನ ಪಾಲು ಬೇರೆ ಬಟ್ಟಲಿಗೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಮಾವನಿಗೆ ಎಷ್ಟು ಎಂದು ಡಾಕ್ಟರು ಹೇಳಿದ್ದನ್ನು ಬೆಳಿಗ್ಗೆಯೇ ಪುಟ್ಟ ಡಬ್ಬಿಗೆ ಅಳೆದಿಡುತ್ತೇನೆ. ಅವರ ಬಟ್ಟಲಿಗೆ ನಿಂಬೆರಸ, ಹುರಿದ ಜೀರಿಗೆ, ಕಾಳುಮೆಣಸು ಸ್ವಲ್ಪ ಜಾಸ್ತಿ. ಹುಳಿ ಸರಿಯಾಗಿದ್ದರೆ ಉಪ್ಪು ಕಡಿಮೆಯಾಗಿದ್ದು ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ. ಕೆಲವು ವಾರಗಳಲ್ಲಿ ಅವರಿಗೆ ಅದೇ ರುಚಿ ಒಗ್ಗಿತು.

ಇಲ್ಲೊಂದು ಎಚ್ಚರ ಹೇಳಲೇಬೇಕು. ಸೋಡಿಯಂ ಕಡಿಮೆ ಇರುವ ಉಪ್ಪು ಒಳ್ಳೆಯದು ಎಂದು ನಾನು ಒಮ್ಮೆ ತಂದಿದ್ದೆ. ಡಾಕ್ಟರಿಗೆ ಹೇಳಿದಾಗ ತಕ್ಷಣ ನಿಲ್ಲಿಸಿ ಎಂದರು. ಅದರಲ್ಲಿ ಸಾಮಾನ್ಯ ಉಪ್ಪಿನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸರಿಯಾಗಿ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಅದೇ ಕಾರಣಕ್ಕೆ ಮಾವನ ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲುತ್ತೇನೆ. ಪೊಟ್ಯಾಸಿಯಂ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ.

ಅತ್ತೆಯ ವಿಷಯ ಸುಲಭ ಅಂದುಕೊಂಡಿದ್ದೆ. ಮಗಳಿಗೆ ತಂದ ಗ್ಲುಟನ್ ಇಲ್ಲದ ಬಿಸ್ಕತ್ತನ್ನು "ಇದು ಆರೋಗ್ಯಕ್ಕೆ ಒಳ್ಳೆಯದಂತೆ" ಎಂದು ಅವರೂ ತಿಂದರು, ಸಕ್ಕರೆ ಏರಿತು. ಗ್ಲುಟನ್ ತೆಗೆದ ತಿಂಡಿಗಳಲ್ಲಿ ಹೆಚ್ಚಾಗಿ ಅಕ್ಕಿ ಹಿಟ್ಟು, ಪಿಷ್ಟವೇ ತುಂಬಿರುತ್ತದೆ. ಒಬ್ಬರ ಪಥ್ಯ ಇನ್ನೊಬ್ಬರ ಪಥ್ಯವಲ್ಲ ಎಂಬುದು ನನಗೆ ಆಗ ಗಟ್ಟಿಯಾಯಿತು. ಈಗ ಅವರ ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಬೇಳೆಕಾಳು, ಕಾಲು ಭಾಗ ಅನ್ನ. ಮೊದಲು ತರಕಾರಿ, ಬೇಳೆ, ಕೊನೆಗೆ ಅನ್ನ. ಹೀಗೆ ತಿಂದರೆ ಊಟದ ನಂತರ ಸಕ್ಕರೆ ಅಷ್ಟು ಏರುವುದಿಲ್ಲ, ಅವರೇ ಮೀಟರಿನಲ್ಲಿ ನೋಡಿಕೊಂಡಿದ್ದಾರೆ. ಬೇಳೆ ಅತ್ತೆಗೆ ಜಾಸ್ತಿ ಬೇಕು, ಮಾವನಿಗೆ ಡಯಟಿಷಿಯನ್ ಹೇಳಿದಷ್ಟೇ. ಅದಕ್ಕೆ ಬೇರೆ ಅಡುಗೆ ಬೇಕಿಲ್ಲ. ಅತ್ತೆಗೆ ದೊಡ್ಡ ಸೌಟು, ಮಾವನಿಗೆ ಚಿಕ್ಕ ಸೌಟು.

ವಾರದಲ್ಲಿ ಎರಡು ದಿನ ಅಡುಗೆ ನನ್ನ ಗಂಡನದು. ಮೊದಲ ಸಲ ಮರೆತು ಇಡೀ ಪಾತ್ರೆಗೆ ಉಪ್ಪು ಹಾಕಿದ್ದರು. ಆ ದಿನ ಮಾವನಿಗೆ ಬೇರೆ ತರಕಾರಿ ಬೇಯಿಸಿದೆವು. ಮಗಳು ತಾನೂ ತಾತನ ಉಪ್ಪಿಲ್ಲದ ತರಕಾರಿಯನ್ನೇ ಹಾಕಿಸಿಕೊಂಡು ಅವರ ಪಕ್ಕ ಕೂತಳು. ಊಟ ಆದ ಮೇಲೆ ಅವಳೇ ದಪ್ಪಕ್ಷರದಲ್ಲಿ ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದಳು: "ಅಪ್ಪಾ, ಉಪ್ಪು ಹಾಕುವ ಮೊದಲು ತಾತನ ಪಾಲು ತೆಗಿ."