ಪುಕ್ಕಟೆ ಹೋಂಪೇಜಿನಲ್ಲಿ ಒತ್ತಕ್ಷರ ಉಳಿಸಿಕೊಂಡ ಬಗೆ: ನನ್ನ ಅನುಭವ

"ಪುಕ್ಕಟೆ ವೆಬ್‌ಸೈಟ್ ಬಿಲ್ಡರಿನಲ್ಲಿ ಕನ್ನಡ ನೆಟ್ಟಗೆ ಬರಲ್ಲ, ಸ್ವಂತ ಡೊಮೇನ್ (ಸೈಟಿನ ವಿಳಾಸ) ಕೂಡಿಸಬೇಕಾದರೆ ಚಂದಾ ತಪ್ಪಲ್ಲ" ಅನ್ನುತ್ತಿದ್ದವರೇ ಈಗ ನನ್ನ ಪುಟದ ಸೋರ್ಸ್ ತೆರೆದು ನೋಡುತ್ತಿದ್ದಾರೆ. ವರ್ಷಕ್ಕೆ ಆಗುವ ಖರ್ಚು ಡಾಟ್ ಇನ್ ಡೊಮೇನಿನ ನವೀಕರಣವೊಂದೇ, ಜಿಎಸ್‌ಟಿ ಸೇರಿ 800 ರೂಪಾಯಿ ಆಸುಪಾಸು. ಹೋಸ್ಟಿಂಗಿಗೆ, ಅಂದರೆ ಸೈಟನ್ನು ಇಂಟರ್ನೆಟ್ಟಿನಲ್ಲಿ ಇಡಲು, ಸೊನ್ನೆ. ಅಕೌಂಟ್ ತೆರೆಯೋದು, ಬ್ಲಾಕ್ ಎಳೆದು ಕೂರಿಸೋದು ಎಲ್ಲರಿಗೂ ಗೊತ್ತು. ಎಲ್ಲಿ ಕೈಕೊಡುತ್ತದೋ ಅಷ್ಟನ್ನೇ ಬರೆಯುತ್ತೇನೆ.

ಟೆಂಪ್ಲೇಟಿನ ಅಂದಚಂದ ನೋಡಿ ಆರಿಸುವುದನ್ನು ಬಿಟ್ಟು, ಪ್ರತಿ ಬಿಲ್ಡರಿನಲ್ಲೂ ಮೊದಲು ಒಂದೇ ಸಾಲು ಅಂಟಿಸಿದೆ: ಸ್ತ್ರೀ, ರಾಷ್ಟ್ರೀಯ, ವೈಶಿಷ್ಟ್ಯ, ಕಾರ್ಯ, ರ‍್ಯಾಂಕ್, ಫೇಸ್‌ಬುಕ್. ಮೊದಲ ಮೂರರಲ್ಲಿ ಎರಡೆರಡು ಒತ್ತು. ಲೈನ್ ಹೈಟ್ (ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬುದು) 1.2 ಇರುವ ಟೆಂಪ್ಲೇಟಿನಲ್ಲಿ ಒತ್ತು ಕೆಳಗಿನ ಸಾಲಿಗೆ ತಗಲುತ್ತದೆ, ಮೆನು ಮತ್ತು ಬಟನ್‌ಗಳಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಕನ್ನಡಕ್ಕೆ 1.6ರಿಂದ 1.8 ಬೇಕು. ಅದನ್ನು ಬದಲಾಯಿಸಲು ಬಿಡದ ಬಿಲ್ಡರನ್ನು ಅಲ್ಲಿಗೇ ಕೈಬಿಟ್ಟೆ.

ಕೊನೆಯ ಮೂರು ಪದಗಳೇ ನಿಜವಾದ ಪರೀಕ್ಷೆ. 'ಕಾರ್ಯ'ದಲ್ಲಿ ಅರ್ಕಾವತ್ತು ಬರಬೇಕು, 'ರ‍್ಯಾಂಕ್'ನಲ್ಲಿ ಬರಬಾರದು. ಆ ವ್ಯತ್ಯಾಸ ನಿಂತಿರುವುದು ರ ಆದ ಮೇಲೆ ಕೂತಿರುವ, ಕಣ್ಣಿಗೆ ಕಾಣದ ಜೆಡ್‌ಡಬ್ಲ್ಯೂಜೆ (ಅಕ್ಷರ ಹೇಗೆ ಕೂಡಬೇಕೆಂದು ಹೇಳುವ ಗುರುತು) ಮೇಲೆ. 'ಫೇಸ್‌ಬುಕ್'ನಲ್ಲಿ ಅದರ ತಮ್ಮ ಜೆಡ್‌ಡಬ್ಲ್ಯೂಎನ್‌ಜೆ ಇದೆ, ಒತ್ತಾಗಿ ಕೂಡದಂತೆ ತಡೆಯುವುದು. ಅಂಟಿಸಿದ ಪಠ್ಯವನ್ನು ತೊಳೆದು ಶುಚಿ ಮಾಡುವ ಎಡಿಟರುಗಳು ಇವೆರಡನ್ನೂ ಕಿತ್ತೆಸೆಯುತ್ತವೆ. ಪ್ರಿವ್ಯೂನಲ್ಲಿ ಸರಿಯಾಗಿಯೇ ಕಾಣುತ್ತದೆ, ಸೇವ್ ಮಾಡಿ ಮತ್ತೆ ತೆರೆದರೆ 'ಫೇಸ್ಬುಕ್'. ತುಂಬಾ ಜಾಹೀರಾತು ಕೊಡುವ ಒಂದು ಬಿಲ್ಡರ್ ಇಲ್ಲೇ ಮುಗ್ಗರಿಸಿತು. ಸಪೋರ್ಟಿನವರು ಸೂಚಿಸಿದ್ದು ದುಬಾರಿ ಪ್ಲಾನ್. ಅದರಲ್ಲೂ ಎಡಿಟರ್ ಅದೇ.

ಬಿಲ್ಡರ್ ಆರಿಸುವಾಗ ಎರಡನೆಯದಾಗಿ ನೋಡಿದ್ದು ಅದರಿಂದ ಹೊರಬರುವ ದಾರಿ. ಪುಕ್ಕಟೆ ಸೇವೆ ಯಾವಾಗ ಬಾಗಿಲು ಹಾಕುತ್ತದೋ ಹೇಳಲಾಗದು. ಯಾಹೂ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಗೂಗಲ್ ಬಿಸಿನೆಸ್ ಪ್ರೊಫೈಲಿನ ಪುಕ್ಕಟೆ ಸೈಟುಗಳು 2024ರ ಮಾರ್ಚಿನಲ್ಲಿ ನಿಂತವು. ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್ ಎರಡೂ ಬರಹವನ್ನು ಫೈಲಾಗಿ ಇಳಿಸಿಕೊಳ್ಳಲು ಬಿಡುತ್ತವೆ. ವಿಕ್ಸ್ ಸೈಟನ್ನು ಬೇರೆ ಹೋಸ್ಟಿಗೆ ಎತ್ತಿಕೊಂಡು ಹೋಗಲು ಬರುವುದಿಲ್ಲ.

ಬ್ಲಾಗರ್ ಬಗ್ಗೆ ಒಂದು ಮಾತು. ಸ್ವಂತ ಡೊಮೇನನ್ನು ಪುಕ್ಕಟೆಯಾಗಿ ಕೂಡಿಸಲು ಬಿಡುತ್ತದೆ, ಜಾಹೀರಾತು ಹೇರುವುದಿಲ್ಲ, ಕೋಡ್ ಮುಟ್ಟಲು ಬೇಸರ ಇರುವವರಿಗೆ ಇವತ್ತಿಗೂ ನಾನು ಹೇಳುವುದು ಅದನ್ನೇ. ಆದರೆ ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸಕ್ಕೆ ತಾನಾಗಿ 'ಬ್ಲಾಗ್-ಪೋಸ್ಟ್' ಅನ್ನುವ ಹೆಸರು ಬೀಳುತ್ತದೆ. ಪಬ್ಲಿಷ್ ಮಾಡುವ ಮುಂಚೆ ಪರ್ಮಾಲಿಂಕಿನಲ್ಲಿ (ಪೋಸ್ಟಿನ ಕಾಯಂ ವಿಳಾಸ) ಇಂಗ್ಲಿಷ್ ಅಕ್ಷರದ ಹೆಸರು ಹಾಕಿ, ಆಮೇಲೆ ಹಾಕಲು ಹೋದರೆ ಹಂಚಿದ ಲಿಂಕೆಲ್ಲ ಕೆಡುತ್ತದೆ. ವರ್ಡ್‌ಪ್ರೆಸ್ಸಿನದು ತದ್ವಿರುದ್ಧ: ಕನ್ನಡವನ್ನೇ ಇಟ್ಟುಕೊಂಡು ಶೇಕಡಾ ಚಿಹ್ನೆಗಳ ಸರಮಾಲೆ ಮಾಡುತ್ತದೆ. 'ಕನ್ನಡ' ಎಂಬ ಒಂದು ಪದಕ್ಕೆ 45 ಅಕ್ಷರ! ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ಅರ್ಧ ಪರದೆ ಅದೇ.

ಕೊನೆಗೆ ನಿಂತಿದ್ದು ಗಿಟ್‌ಹಬ್ ಪೇಜಸ್ ಮೇಲೆ, ನಾವೇ ಬರೆದ ಫೈಲನ್ನು ಸೈಟಾಗಿ ತೋರಿಸುವ ಸೇವೆ ಅದು. ಬಿಲ್ಡರ್ ಅಂತ ಕರೆಯಲಾಗದು ನಿಜ. ಆದರೆ ಒಂದೆರಡು ಪುಟದ ಹೋಂಪೇಜಿಗೆ ಬಿಲ್ಡರ್ ಬೇಕಾಗೂ ಇಲ್ಲ, ಒಂದು ಎಚ್‌ಟಿಎಂಎಲ್ ಫೈಲು ಸಾಕು. 1 ಜಿಬಿ ಜಾಗ, ತಿಂಗಳಿಗೆ 100 ಜಿಬಿ ಬ್ಯಾಂಡ್‌ವಿಡ್ತ್ (ನೋಡುಗರಿಗೆ ಹೋಗುವ ಡೇಟಾ). ಪುಕ್ಕಟೆ ಅಕೌಂಟಿನಲ್ಲಿ ರೆಪೊಸಿಟರಿ (ಫೈಲುಗಳನ್ನು ಇಡುವ ಜಾಗ) ಪಬ್ಲಿಕ್ ಇರಬೇಕು, ಹಾಗಾಗಿ ಫೋನ್ ನಂಬರಿರುವ ಬಯೋಡೇಟಾ ಅಲ್ಲಿಗೆ ಹಾಕಬೇಡಿ. ಆಮೇಲೆ ಅಳಿಸಿದರೂ ಹಳೆಯ ಬದಲಾವಣೆಗಳ ಹಿಸ್ಟರಿಯಲ್ಲಿ ಇದ್ದೇ ಇರುತ್ತದೆ.

ಡೊಮೇನ್ ಕೂಡಿಸುವಾಗ ನಾಲ್ಕು ಎ ರೆಕಾರ್ಡ್ (ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂಬ ನಮೂದು) ಹಾಕಬೇಕು: 185.199.108.153, ಮಿಕ್ಕ ಮೂರಕ್ಕೆ 108ರ ಜಾಗದಲ್ಲಿ 109, 110, 111. ಡಬ್ಲ್ಯೂಡಬ್ಲ್ಯೂಡಬ್ಲ್ಯೂಗೆ ಸಿನೇಮ್, ಅಂದರೆ ಇನ್ನೊಂದು ಹೆಸರಿನತ್ತ ತೋರಿಸುವ ನಮೂದು. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಬರದೆ ಒದ್ದಾಡುವವರು ನೋಡಬೇಕಾದ್ದು, ಡೊಮೇನ್ ಮಾರಿದವರು ತಮ್ಮ ತಾತ್ಕಾಲಿಕ ಪುಟಕ್ಕೆಂದು ಹಾಕಿಟ್ಟ ಪಾರ್ಕಿಂಗ್ ಎ ರೆಕಾರ್ಡ್ ಹಾಗೇ ಉಳಿದಿದೆಯಾ ಅಂತ. ಅದನ್ನು ಅಳಿಸಿ, ಸೆಟ್ಟಿಂಗಿನಲ್ಲಿ ಡೊಮೇನ್ ತೆಗೆದು ಮತ್ತೆ ಹಾಕಿದರೆ ಸರ್ಟಿಫಿಕೇಟ್ ಬರುತ್ತದೆ. ಕೆಲವೊಮ್ಮೆ ಮರುದಿನದವರೆಗೂ ಕಾಯಬೇಕು. ವಿಂಡೋಸಿನಲ್ಲಿ ಕಾಣುತ್ತಿದ್ದ ಚಿತ್ರ ಗಿಟ್‌ಹಬ್ಬಿನಲ್ಲಿ ಮಾಯವಾದರೆ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ-ಸಣ್ಣಕ್ಷರ ನೋಡಿ, ಜೆಪಿಜಿ ದೊಡ್ಡಕ್ಷರದಲ್ಲಿದ್ದರೆ ಅದು ಬೇರೆ ಫೈಲೇ.

ಫಾಂಟ್: ನೋಟೋ ಸಾನ್ಸ್ ಕನ್ನಡ. ಲೈಸೆನ್ಸ್ ಮುಕ್ತ, ನಮ್ಮ ಫೋಲ್ಡರಿನಲ್ಲೇ ಇಟ್ಟುಕೊಳ್ಳಬಹುದು. ಟಿಟಿಎಫ್ ಫೈಲನ್ನು ವೆಬ್ಬಿಗೆಂದೇ ಕುಗ್ಗಿಸಿದ ವೋಫ್2 ರೂಪಕ್ಕೆ ತಂದರೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇನ್ನೂ ಇಳಿಸಲು ಬೇಡದ ಅಕ್ಷರ ಕತ್ತರಿಸುವಾಗ ಯೂನಿಕೋಡಿನ ಕನ್ನಡ ಭಾಗವನ್ನಷ್ಟೇ ಉಳಿಸಿದರೆ ಕೆಡುತ್ತದೆ. ಮೇಲೆ ಹೇಳಿದ ಜೆಡ್‌ಡಬ್ಲ್ಯೂಜೆ ಅಣ್ಣತಮ್ಮಂದಿರು, ರೂಪಾಯಿ ಚಿಹ್ನೆ, ದೇವನಾಗರಿ ಭಾಗದಲ್ಲಿರುವ ದಂಡ, ಇವನ್ನೂ ಸೇರಿಸಬೇಕು. ಆನ್‌ಲೈನ್ ಕನ್ವರ್ಟರ್ ಕೆಲವು ಫಾಂಟಿನ ಜಿಸಬ್ ಟೇಬಲನ್ನೇ (ಒತ್ತಕ್ಷರ ಕೂಡಿಸುವ ನಿಯಮಗಳ ಪಟ್ಟಿ) ಎಸೆಯುತ್ತವೆ, ಆಗ ಒತ್ತಕ್ಷರ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತದೆ. ನನ್ನ ಫಾಂಟ್ ಇಪ್ಪತ್ತು ಚಿಲ್ಲರೆ ಕೆಬಿಗೆ ಇಳಿದದ್ದು ಇನ್ನೊಂದು ಉಪಾಯದಿಂದ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಡಾಟ್ ಭಾರತ ಡೊಮೇನನ್ನೂ ಕೂಡಿಸಿ ನೋಡಿದೆ, ಕನ್ನಡ ಲಿಪಿಯಲ್ಲೇ. ಗಿಟ್‌ಹಬ್ಬಿಗೆ ಪ್ಯೂನಿಕೋಡ್ (ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆದ) ರೂಪವನ್ನೇ ಕೊಡಬೇಕು, ಕೊಟ್ಟರೆ ನಡೆಯುತ್ತದೆ. ಆದರೆ ಲಿಂಕನ್ನು ನಕಲು ಮಾಡಿದರೆ ಹಲವು ಕಡೆ ಆ ಪ್ಯೂನಿಕೋಡೇ ಅಂಟುತ್ತದೆ, ಆ ವಿಳಾಸದ ಇಮೇಲನ್ನು ಎಷ್ಟೋ ಫಾರಂಗಳು ತಪ್ಪು ಅನ್ನುತ್ತವೆ. ಆಸೆಗೆ ಇಟ್ಟುಕೊಳ್ಳಿ, ವಿಸಿಟಿಂಗ್ ಕಾರ್ಡಿಗೆ ಡಾಟ್ ಇನ್ ಇರಲಿ. ಅದನ್ನು ಕೊಳ್ಳುವಾಗ ಮೊದಲ ವರ್ಷದ ನೂರಿನ್ನೂರು ರೂಪಾಯಿ ನೋಡಿ ಮರುಳಾಗದೆ ನವೀಕರಣದ ದರ ನೋಡಿ, ಕೆಲವರ ಹತ್ತಿರ ಐದಾರು ಪಟ್ಟು ಏರುತ್ತದೆ. ಅವರು ಜತೆಗೆ ಟಿಕ್ ಮಾಡಿಟ್ಟಿರುವ ಇಮೇಲ್, ಎಸ್‌ಎಸ್‌ಎಲ್ (ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್) ಎರಡನ್ನೂ ತೆಗೆದೇ ಹಣ ಕಟ್ಟಿ. ಎಸ್‌ಎಸ್‌ಎಲ್ ಗಿಟ್‌ಹಬ್ ಪುಕ್ಕಟೆಯಾಗಿ ಕೊಡುತ್ತದೆ, ಇಮೇಲಿಗೆ ಈಗಿರುವ ಜಿಮೇಲ್ ಸಾಕು.